ದಮ್ಮು ಕಲಿಸಿದ ಮೇಷ್ಟ್ರು: ಕೋಚ್ ಜಾನ್ ಮೆಕ್ಲೆಂಡನ್

ನಮ್ಮ ಸಂಘದಲ್ಲಿ ಕ್ರಿಕೆಟ್ ಹುಚ್ಚಿನವರಿಗೇನೂ ಕಡಿಮೆ ಇಲ್ಲ. ಆದರೆ ಓದೋಕೆ ಅಂತ ನಾರ್ತ್ ಕೆರೊಲಿನಾಕ್ಕೆ ಬಂದು ಒಂದು ಚಳಿಗಾಲ ಕಳೆದರೆ ಸಾಕು, ಬ್ಯಾಸ್ಕೆಟ್‌ಬಾಲ್ ಜ್ವರ ಯಾರನ್ನೂ ಬಿಡೋದಿಲ್ಲ. ನಾನೂ ಹೋದ ವರ್ಷ ಕ್ಯಾಂಪಸ್ ಜಿಮ್‌ನಲ್ಲಿ ಆಡೋಕೆ ಇಳಿದೆ. ಊರಲ್ಲಿ ಹೈಸ್ಕೂಲ್ ಟೀಮಿನಲ್ಲಿ ಆಡಿದ್ದೆ ಅನ್ನೋ ಧೈರ್ಯ ಬೇರೆ. ಆರು ನಿಮಿಷ ಆಗಿರಬೇಕು, ಏದುಸಿರು ಶುರುವಾಯ್ತು. ಹತ್ತು ನಿಮಿಷಕ್ಕೆ ಕಾಲುಗಳು ಕಲ್ಲುಕಂಬದ ಹಾಗೆ ನಿಂತುಬಿಟ್ಟವು. ಚೆಂಡನ್ನು ಬುಟ್ಟಿಗೆ ಹಾಕೋದು ಗೊತ್ತಿತ್ತು, ಚೆಂಡು ಇದ್ದಲ್ಲಿಗೆ ಓಡಿಹೋಗೋ ದಮ್ಮು ಇರಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ, ಡರ್ಹಮ್ ಊರಿನವರೇ ಆದ ಒಬ್ಬ ಹಿರಿಯ ವಿದ್ಯಾರ್ಥಿ ನಕ್ಕು, ಮೊದಲು ನಮ್ಮೂರಿನ ಕೋಚ್ ಮೆಕ್ಲೆಂಡನ್ ಬಗ್ಗೆ ಓದಿಕೊಂಡು ಬಾ ಅಂದರು. ಓದಿದೆ. ಓದಿದ ಮೇಲೆ ನಮ್ಮ ಹುಡುಗರಿಗೂ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಲೇಖನ.

ಜಾನ್ ಮೆಕ್ಲೆಂಡನ್ ಹುಟ್ಟಿದ್ದು 1915ರ ಏಪ್ರಿಲ್ 5ರಂದು, ಕ್ಯಾನ್ಸಸ್ ರಾಜ್ಯದ ಹಯವಾಥಾ ಎಂಬ ಸಣ್ಣ ಊರಿನಲ್ಲಿ. ಕಪ್ಪು ಜನಾಂಗದ ಕುಟುಂಬ. ಬೆಳೆದದ್ದು ಕ್ಯಾನ್ಸಸ್ ಸಿಟಿಯಲ್ಲಿ. ಹುಡುಗನಿಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಆದರೆ ಆಟಗಾರನಾಗಿ ದೊಡ್ಡ ಹೆಸರು ಮಾಡುವ ಯೋಗ ಇರಲಿಲ್ಲ. ಆಡೋಕಾಗದಿದ್ದರೆ ಆಡಿಸೋದನ್ನಾದರೂ ಕಲಿಯೋಣ, ಕೋಚ್ ಆಗೋಣ ಅಂತ ಚಿಕ್ಕ ವಯಸ್ಸಿನಲ್ಲೇ ಮನಸ್ಸು ಮಾಡಿಕೊಂಡರು.

1933ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದವರು ಬೇರೆ ಯಾರೂ ಅಲ್ಲ, ಬ್ಯಾಸ್ಕೆಟ್‌ಬಾಲ್ ಆಟವನ್ನೇ ಕಂಡುಹಿಡಿದ ಜೇಮ್ಸ್ ನೇಸ್ಮಿತ್. 1891ರ ಚಳಿಗಾಲದಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಗೋಡೆಗೆ ಕಟ್ಟಿ ಈ ಆಟ ಶುರುಮಾಡಿದವರು ಇವರೇ. ಮಗನನ್ನು ಕಳಿಸುವಾಗ ಮೆಕ್ಲೆಂಡನ್ ಅವರ ತಂದೆ ಒಂದೇ ಮಾತು ಹೇಳಿದ್ದರಂತೆ: ನೇಸ್ಮಿತ್ ಅವರ ಹತ್ತಿರ ಹೋಗು, ನೀವೇ ನನ್ನ ಗುರು ಅಂತ ಹೇಳು. ಹುಡುಗ ಸೀದಾ ಹೋಗಿ ಹಾಗೇ ಹೇಳಿದ. ಯಾರು ಕಳಿಸಿದ್ದು ಅಂತ ಕೇಳಿದಾಗ ಅಪ್ಪ ಅಂದ. ಅಪ್ಪಂದಿರ ಮಾತು ಯಾವತ್ತೂ ಸರಿಯೇ ಅಂತ ಆ ಮುದುಕರು ಒಪ್ಪಿಕೊಂಡುಬಿಟ್ಟರು. ಏಕಲವ್ಯನಿಗೆ ಸಿಗದ ದ್ರೋಣರು ಈ ಹುಡುಗನಿಗೆ ಸಿಕ್ಕರು ಅನ್ನಬಹುದು.

ಆದರೆ ಗುರು ಸಿಕ್ಕರೂ ಅಂಗಳ ಸಿಗಲಿಲ್ಲ. ಆ ಕಾಲದಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಕಪ್ಪು ಹುಡುಗರಿಗೆ ಜಾಗ ಇರಲಿಲ್ಲ. ಆಟ ಕಂಡುಹಿಡಿದವರ ಪಕ್ಕದಲ್ಲೇ ಕೂತು ಪಾಠ ಕಲಿತ ವಿದ್ಯಾರ್ಥಿ ಆ ಕಾಲೇಜಿನ ಅಂಗಿ ತೊಟ್ಟು ಒಂದು ಪಂದ್ಯವನ್ನೂ ಆಡಲಿಲ್ಲ. ಈಜು ಕಲಿಯೋದು ಕೋರ್ಸಿನ ಭಾಗ. ಮೆಕ್ಲೆಂಡನ್ ಕೊಳಕ್ಕೆ ಇಳಿದು ಈಜಿದ ಮೇಲೆ ಕೊಳದ ನೀರನ್ನೆಲ್ಲ ಖಾಲಿ ಮಾಡಿಸಿದರು! ಮಡಿ ಮೈಲಿಗೆ ಅನ್ನೋದು ನಮ್ಮೂರಿನದ್ದು ಮಾತ್ರ ಅಂದುಕೊಂಡಿದ್ದೆ. ಇದನ್ನು ಓದಿದಾಗ ನಮ್ಮ ಕಡೆಯ ಕೆರೆ, ಬಾವಿಗಳ ಕಥೆ ನೆನಪಾಯಿತು. ಮೆಕ್ಲೆಂಡನ್ ಸುಮ್ಮನಾಗಲಿಲ್ಲ, ನೇಸ್ಮಿತ್ ಬೆನ್ನಿಗೆ ನಿಂತರು, ಕೊನೆಗೆ ಕೊಳ ಎಲ್ಲರಿಗೂ ತೆರೆಯಿತು. 1936ರಲ್ಲಿ ಅಲ್ಲಿಂದ ದೈಹಿಕ ಶಿಕ್ಷಣದ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿಯಾಗಿ ಹೊರಬಂದರು. ಮುಂದಿನ ವರ್ಷ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿದರು. ಮನುಷ್ಯನ ದೇಹಬಲವನ್ನು ಅಳೆಯೋದು ಹೇಗೆ ಅಂತ ಚಾರ್ಲ್ಸ್ ಮೆಕ್ಲಾಯ್ ಎಂಬ ಸಂಶೋಧಕರು ಆಗ ಅದೇ ಅಯೋವಾದಲ್ಲಿ ಕೆಲಸ ಮಾಡುತ್ತಿದ್ದರು. ಅಂದರೆ ದೇಹವನ್ನು ಹಣಿಗೊಳಿಸೋದು ಒಂದು ಶಾಸ್ತ್ರ ಅನ್ನೋ ತಿಳಿವಳಿಕೆ ಆಗಷ್ಟೇ ಬೇರೂರುತ್ತಿದ್ದ ಕಾಲ ಅದು.

1937ರಲ್ಲಿ ಮೆಕ್ಲೆಂಡನ್ ಡರ್ಹಮ್‌ಗೆ ಬಂದರು. ಇವತ್ತು ನಾರ್ತ್ ಕೆರೊಲಿನಾ ಸೆಂಟ್ರಲ್ ಯೂನಿವರ್ಸಿಟಿ ಅಂತ ಕರೆಯೋ ಸಂಸ್ಥೆಗೆ ಆಗ ನಾರ್ತ್ ಕೆರೊಲಿನಾ ಕಾಲೇಜ್ ಫಾರ್ ನೀಗ್ರೋಸ್ ಅಂತ ಹೆಸರು. ಹೆಸರಲ್ಲೇ ಎಲ್ಲ ಇದೆ. ಶಾಲೆ ಬೇರೆ, ಬಸ್ಸಿನ ಸೀಟು ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಮೂರು ವರ್ಷ ಸಹಾಯಕರಾಗಿ ದುಡಿದು 1940ರಲ್ಲಿ ಅಲ್ಲಿನ ಮುಖ್ಯ ಕೋಚ್ ಆದರು.

ಇಲ್ಲಿ ಆಟದ ಬಗ್ಗೆ ಸ್ವಲ್ಪ ಹೇಳಲೇಬೇಕು. ಮೊದಲೆಲ್ಲ ಪ್ರತಿ ಸಲ ಬುಟ್ಟಿಗೆ ಚೆಂಡು ಬಿದ್ದ ಮೇಲೆ ಎಲ್ಲರೂ ಅಂಗಳದ ಮಧ್ಯಕ್ಕೆ ಬಂದು ಚೆಂಡು ಹಾರಿಸಿ ಮತ್ತೆ ಶುರುಮಾಡಬೇಕಿತ್ತು. ಅಷ್ಟು ಹೊತ್ತು ಎಲ್ಲರಿಗೂ ವಿಶ್ರಾಂತಿ. 1937-38ರ ಸೀಸನ್‌ನಿಂದ ಆ ನಿಯಮ ಹೋಯಿತು. ಆದರೂ ಹೆಚ್ಚಿನ ಕೋಚ್‌ಗಳು ಹಳೇ ಚಾಳಿ ಬಿಡಲಿಲ್ಲ. ನಿಧಾನಕ್ಕೆ ಚೆಂಡು ತಟ್ಟುತ್ತಾ, ಹತ್ತಾರು ಪಾಸ್ ಮಾಡಿ, ನಿಂತಲ್ಲಿಂದ ಎರಡೂ ಕೈಯಲ್ಲಿ ಶಾಟ್ ಹೊಡೆಯೋದು. ಶಾಟ್ ಕ್ಲಾಕ್ ಅನ್ನೋದು ಆಗ ಇರಲೇ ಇಲ್ಲ. ಒಂದು ತಂಡ 40 ಪಾಯಿಂಟ್ ಮಾಡಿದರೆ ಅದೇ ದೊಡ್ಡದು.

ಮೆಕ್ಲೆಂಡನ್ ಇದನ್ನು ತಲೆಕೆಳಗು ಮಾಡಿದರು. ಚೆಂಡು ಎಲ್ಲಿದೆಯೋ ಆಟ ಅಲ್ಲೇ ಇದೆ, ಅದಕ್ಕೇ ಇಡೀ ಅಂಗಳದಲ್ಲಿ ಆಡಬೇಕು ಅನ್ನೋದನ್ನು ಅವರು ನೇಸ್ಮಿತ್ ಅವರಿಂದ ಕಲಿತಿದ್ದರು. ಎದುರಾಳಿ ಶಾಟ್ ತಪ್ಪಿದ ಕ್ಷಣದಲ್ಲೇ ಚೆಂಡು ಹಿಡಿದು, ಮೂರು ದಿಕ್ಕಿನಿಂದ ಓಡಿ, ಅವರು ತಿರುಗಿ ನೋಡೋದರೊಳಗೆ ಬುಟ್ಟಿಗೆ ಹಾಕಬೇಕು. ಚೆಂಡು ಅವರ ಕೈಗೆ ಹೋದರೆ ಅಂಗಳದ ಆ ತುದಿಯಿಂದಲೇ ಮೈಮೇಲೆ ಬಿದ್ದ ಹಾಗೆ ಕಾಯಬೇಕು. ಇವತ್ತು ಫಾಸ್ಟ್ ಬ್ರೇಕ್, ಫುಲ್ ಕೋರ್ಟ್ ಪ್ರೆಸ್ ಅಂತ ಟಿವಿಯಲ್ಲಿ ಹೇಳ್ತಾರಲ್ಲ, ಅದಕ್ಕೊಂದು ಶಿಸ್ತು, ಒಂದು ಪಾಠಕ್ರಮ ಕೊಟ್ಟವರಲ್ಲಿ ಇವರು ಮುಂಚೂಣಿಯವರು.

ಹೇಳೋದು ಸುಲಭ. ಅಂಗಳ 94 ಅಡಿ ಉದ್ದ. ಅದರ ಆ ತುದಿಯಿಂದ ಈ ತುದಿಗೆ ಗಂಟೆಗಟ್ಟಲೆ ಓಡೋಕೆ ಎಂಥಾ ಮೈ ಬೇಕು? ಮೆಕ್ಲೆಂಡನ್ ಅವರ ಉತ್ತರ ಇದ್ದದ್ದು ಇಲ್ಲೇ. ಸೀಸನ್ ಶುರುವಾಗೋಕೆ ಎಷ್ಟೋ ಮುಂಚೆಯೇ ಹುಡುಗರನ್ನು ಗುಡ್ಡಗಾಡು ಓಟಕ್ಕೆ ಹಚ್ಚುತ್ತಿದ್ದರು. ಚೆಂಡು ಮುಟ್ಟೋ ಮೊದಲು ಮೈಲಿಗಟ್ಟಲೆ ಓಟ. ಅದಾದ ಮೇಲೆ ಅಂಗಳದಲ್ಲಿ ತುದಿಯಿಂದ ತುದಿಗೆ ಚುರುಕು ಓಟ, ಓಡುತ್ತಲೇ ಪಾಸ್, ಓಡುತ್ತಲೇ ಶಾಟ್. ಇದನ್ನು ತಡೆದುಕೊಂಡವನಿಗೆ ತಂಡದಲ್ಲಿ ಜಾಗ. ನಮ್ಮ ಮೈಸೂರಿನ ಗರಡಿಮನೆಗಳಲ್ಲಿ ಹೊಸಬನನ್ನು ಮೊದಲ ದಿನವೇ ಮಟ್ಟಿಗೆ ಇಳಿಸಿ ಕುಸ್ತಿ ಮಾಡಿಸ್ತಾರಾ? ಇಲ್ಲ. ಮೊದಲು ದಂಡ, ಬಸ್ಕಿ. ತಿಂಗಳುಗಟ್ಟಲೆ ಸಾಮು. ಪಟ್ಟು ಆಮೇಲೆ. ಇದೂ ಹಾಗೇ.

ಇದರ ಹಿಂದಿನ ಲೆಕ್ಕ ಇವತ್ತಿನ ದೈಹಿಕ ಶಿಕ್ಷಣದ ಪುಸ್ತಕಗಳಲ್ಲಿದೆ. ಒಂದು ಜೋರು ಓಟ ಅಥವಾ ಜಿಗಿತಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲೇ ಸ್ವಲ್ಪ ಶೇಖರವಾಗಿರುತ್ತೆ, ಕೆಲವೇ ಸೆಕೆಂಡಿಗೆ ಮುಗಿದುಹೋಗುತ್ತೆ. ಮತ್ತೆ ತುಂಬಿಕೊಳ್ಳೋಕೆ ಆಮ್ಲಜನಕ ಬೇಕು. ಹೃದಯ, ಶ್ವಾಸಕೋಶ ಪಳಗಿದ್ದರೆ ಆ ತುಂಬಿಕೊಳ್ಳೋ ಕೆಲಸ ಬೇಗ ಆಗುತ್ತೆ. ಹಾಗಾಗಿ ದಮ್ಮು ಇರೋ ಆಟಗಾರ ಕೊನೆಯ ಐದು ನಿಮಿಷದಲ್ಲೂ ಮೊದಲ ಐದು ನಿಮಿಷದ ಹಾಗೇ ಜಿಗೀತಾನೆ, ಇನ್ನೊಬ್ಬ ಮಂಡಿ ಹಿಡಿದು ನಿಂತಿರ್ತಾನೆ.

ಭಾರ ಎತ್ತೋ ತಾಲೀಮು ಈ ಆಟದೊಳಗೆ ಬಂದದ್ದು ತಡವಾಗಿ. ಭಾರ ಎತ್ತಿದರೆ ಮೈ ಗಟ್ಟಿಯಾಗಿ, ಸ್ನಾಯು ಬಿಗಿದು, ಆಟಗಾರ ನಿಧಾನ ಆಗ್ತಾನೆ ಅಂತ ಆ ಕಾಲದ ಹೆಚ್ಚಿನ ಕೋಚ್‌ಗಳು ನಂಬಿದ್ದರು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲೇ ಪೀಟರ್ ಕಾರ್ಪೊವಿಚ್ ಎಂಬ ವಿಜ್ಞಾನಿಯೂ ಅವರ ವಿದ್ಯಾರ್ಥಿ ಝೋರ್ಬಸ್ ಅವರೂ ಇದನ್ನು ಅಳೆದು ನೋಡಿದರು. ಭಾರ ಎತ್ತುವವರ ಕೈ ಉಳಿದವರಿಗಿಂತ ನಿಧಾನ ಅಲ್ಲ, ಚುರುಕು ಅಂತ 1951ರಲ್ಲಿ ಪ್ರಕಟಿಸಿದರು. ಅದಕ್ಕೆ ಎಷ್ಟೋ ಮುಂಚೆಯೇ ನಮ್ಮ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರು ತಮ್ಮ ವ್ಯಾಯಾಮಶಾಲೆಯಲ್ಲಿ ಬಾರ್‌ಬೆಲ್ ಜೊತೆಗೇ ಸೂರ್ಯನಮಸ್ಕಾರ, ಆಸನ ಕಲಿಸುತ್ತಿದ್ದರು ಅನ್ನೋದನ್ನು ಇಲ್ಲಿ ನೆನೆಯಬೇಕು. ಶಾಂತಲಾ ಕಾದಂಬರಿ ಬರೆದವರೇ ಅವರು. ಬಲವೂ ಇರಬೇಕು, ಮೈ ಬಾಗಲೂ ಬೇಕು ಅನ್ನೋದು ಅಲ್ಲಿ ಆಗಲೇ ಪಾಠವಾಗಿತ್ತು. ಇತ್ತ ಡರ್ಹಮ್‌ನ ಹುಡುಗರಿಗೆ ಸಿಕ್ಕಿದ್ದು ಓಟದ ತಾಲೀಮು. ಅದಕ್ಕೆ ಬೇಕಾದದ್ದು ರಸ್ತೆ ಮತ್ತು ಹಟ ಎರಡೇ.

ಆ ಹಟಕ್ಕೆ ಪರೀಕ್ಷೆ ಬಂದದ್ದು 1944ರಲ್ಲಿ. ಮೆಕ್ಲೆಂಡನ್ ಅವರ ತಂಡ ಆ ಸೀಸನ್‌ನಲ್ಲಿ ಸೋತದ್ದು ಒಂದೇ ಪಂದ್ಯ. ಆದರೆ ದೇಶದ ದೊಡ್ಡ ಟೂರ್ನಮೆಂಟುಗಳ ಬಾಗಿಲು ಕಪ್ಪು ಕಾಲೇಜುಗಳಿಗೆ ಮುಚ್ಚಿತ್ತು. ಅದೇ ಊರಿನ ಇನ್ನೊಂದು ತುದಿಯಲ್ಲಿ ಡ್ಯೂಕ್ ವಿಶ್ವವಿದ್ಯಾಲಯ. ಯುದ್ಧಕಾಲದ ಮಿಲಿಟರಿ ತರಬೇತಿಯಡಿ ಅಲ್ಲಿ ಡಾಕ್ಟರಿಕೆ ಓದೋಕೆ ಬೇರೆ ಬೇರೆ ರಾಜ್ಯಗಳಿಂದ ಬಂದ ಬಿಳಿ ಹುಡುಗರಲ್ಲಿ ಒಳ್ಳೊಳ್ಳೆ ಕಾಲೇಜು ಆಟಗಾರರಿದ್ದರು. ಅವರದ್ದೇ ಒಂದು ತಂಡ ಆಯಿತು. ರಾಜ್ಯದಲ್ಲೇ ಇಂಥ ತಂಡ ಇಲ್ಲ ಅಂತ ಊರಲ್ಲಿ ಮಾತು. ಎರಡೂ ಕಾಲೇಜಿನ ಕೆಲವು ವಿದ್ಯಾರ್ಥಿಗಳು ವೈಎಂಸಿಎ ಪ್ರಾರ್ಥನಾ ಸಭೆಗಳಲ್ಲಿ ಸದ್ದಿಲ್ಲದೆ ಸೇರುತ್ತಿದ್ದರು. ಯಾರ ತಂಡ ದೊಡ್ಡದು ಅನ್ನೋ ಮಾತು ಅಲ್ಲಿ ಬಂತು, ಸವಾಲಿನವರೆಗೂ ಹೋಯಿತು.

ಕಪ್ಪು, ಬಿಳಿ ಹುಡುಗರು ಒಂದೇ ಅಂಗಳದಲ್ಲಿ ಆಡೋದು ಆಗಿನ ನಾರ್ತ್ ಕೆರೊಲಿನಾದಲ್ಲಿ ಸಣ್ಣ ವಿಷಯ ಅಲ್ಲ. ಪೊಲೀಸರಿಗೆ ಗೊತ್ತಾದರೆ ಜೈಲು, ಪುಂಡರಿಗೆ ಗೊತ್ತಾದರೆ ಜೀವಕ್ಕೇ ಅಪಾಯ. ಕೋಚ್‌ಗೆ ಕೆಲಸ ಹೋಗಬಹುದು, ಕಾಲೇಜಿಗೇ ಕುತ್ತು ಬರಬಹುದು. ಮೆಕ್ಲೆಂಡನ್ ಯೋಚಿಸಿ ದಿನ ಗೊತ್ತುಮಾಡಿದರು: ಮಾರ್ಚ್ 12, ಭಾನುವಾರ ಬೆಳಗ್ಗೆ. ಊರಿಗೆ ಊರೇ, ಪೊಲೀಸರೂ ಸೇರಿ, ಚರ್ಚಿನಲ್ಲಿರೋ ಹೊತ್ತು.

ಡ್ಯೂಕ್‌ನ ಹುಡುಗರು ಕಾರುಗಳಲ್ಲಿ ಸುತ್ತುಬಳಸು ದಾರಿ ಹಿಡಿದು ಬಂದರು. ಜಾಕೆಟ್ಟನ್ನು ತಲೆ ಮೇಲೆ ಎಳೆದುಕೊಂಡು ಜಿಮ್‌ನೊಳಗೆ ನುಗ್ಗಿದರು. ಬಾಗಿಲಿಗೆ ಬೀಗ ಬಿತ್ತು. ಒಬ್ಬ ರೆಫರಿ, ಒಂದು ಗಡಿಯಾರ, ಪ್ರೇಕ್ಷಕರು ಇಲ್ಲ. ಸುಳಿವು ಹತ್ತಿದ ಕೆಲವು ವಿದ್ಯಾರ್ಥಿಗಳು ಮಾತ್ರ ಕಿಟಕಿ ಹತ್ತಿ ಇಣುಕಿ ನೋಡಿದರಂತೆ.

ಮೊದಲ ಕೆಲವು ನಿಮಿಷ ಎರಡೂ ಕಡೆ ಗಾಬರಿ. ಸುಲಭದ ಶಾಟುಗಳೂ ತಪ್ಪಿದವು, ಪಾಸ್‌ಗಳು ಎಲ್ಲೆಲ್ಲಿಗೋ ಹೋದವು. ಹುಟ್ಟಿದಾಗಿನಿಂದ ಬಿಳಿಯರ ಮೈಗೆ ಮೈ ತಾಕಿಸಬಾರದು ಅಂತ ಕಲಿತ ಹುಡುಗರು ಇದ್ದಕ್ಕಿದ್ದ ಹಾಗೆ ಭುಜಕ್ಕೆ ಭುಜ ಕೊಟ್ಟು ಆಡೋದು ಹೇಗೆ? ನಿಧಾನಕ್ಕೆ ಅವರಿಗೆ ತಿಳಿಯಿತು, ಎದುರಿಗಿರೋರೂ ನಮ್ಮ ಹಾಗೇ ಹುಡುಗರು, ಇವರಿಗೂ ಬೆವರು ಬರುತ್ತೆ, ಇವರಿಗೂ ಸುಸ್ತಾಗುತ್ತೆ ಅಂತ. ಅಲ್ಲಿಂದ ಓಟ ಶುರುವಾಯಿತು. ದ್ವಿತೀಯಾರ್ಧದ ಹೊತ್ತಿಗೆ ಡ್ಯೂಕ್ ತಂಡಕ್ಕೆ ಆ ವೇಗ ತಡೆಯೋಕಾಗಲಿಲ್ಲ. ಆಟ ಮುಗಿದಾಗ 88-44. ಸರಿಯಾಗಿ ಎರಡರಷ್ಟು.

ನನಗೆ ಇದಕ್ಕಿಂತ ಇಷ್ಟವಾದದ್ದು ಆಮೇಲೆ ಆದದ್ದು. ಸ್ವಲ್ಪ ದಣಿವಾರಿಸಿಕೊಂಡ ಮೇಲೆ ಹುಡುಗರು ಇನ್ನೊಂದು ಪಂದ್ಯ ಆಡಿದರು. ಈ ಸಲ ಎರಡೂ ತಂಡದವರನ್ನು ಕಲಸಿ, ಒಂದು ಕಡೆ ಅಂಗಿ ಹಾಕಿದವರು, ಇನ್ನೊಂದು ಕಡೆ ಅಂಗಿ ಬಿಚ್ಚಿದವರು. ಕಪ್ಪು ಹುಡುಗನ ಪಾಸ್ ಬಿಳಿ ಹುಡುಗನಿಗೆ, ಬಿಳಿ ಹುಡುಗನದು ಕಪ್ಪು ಹುಡುಗನಿಗೆ. ಆಟ ಮುಗಿದ ಮೇಲೆ ಹಾಸ್ಟೆಲಿನಲ್ಲಿ ಕೂತು ಹರಟೆ ಹೊಡೆದರು. ಆಮೇಲೆ ಡ್ಯೂಕ್‌ನವರು ಬಂದ ಹಾಗೇ ಹೊರಟುಹೋದರು.

ಮರುದಿನ ಪೇಪರಿನಲ್ಲಿ ಏನೂ ಇಲ್ಲ. ಅಲ್ಲಿನ ಕಪ್ಪು ಪತ್ರಿಕೆಯೊಬ್ಬರ ವರದಿಗಾರರಿಗೆ ಗೊತ್ತಿತ್ತು, ಅವರೂ ಬರೆಯಲಿಲ್ಲ. ಯಾಕೆ ಅಂತ ತಿಳಿಯೋಕೆ ನಾಲ್ಕು ತಿಂಗಳು ಮುಂದೆ ಹೋದರೆ ಸಾಕು. ಅದೇ ವರ್ಷ ಜುಲೈನಲ್ಲಿ, ಅದೇ ಡರ್ಹಮ್‌ನಲ್ಲಿ, ಬಸ್ಸಿನ ಸೀಟಿನ ವಿಷಯಕ್ಕೆ ಮಾತು ಬೆಳೆದು ಬೂಕರ್ ಸ್ಪೈಸ್ಲಿ ಎಂಬ ಕಪ್ಪು ಸೈನಿಕನನ್ನು ಬಸ್ ಡ್ರೈವರ್ ಗುಂಡಿಟ್ಟು ಕೊಂದ. ಕೋರ್ಟಿನಲ್ಲಿ ಡ್ರೈವರ್ ಖುಲಾಸೆಯಾದ. ಮೆಕ್ಲೆಂಡನ್ ತಮ್ಮ ಹುಡುಗರನ್ನು ಎಂಥ ಊರಿನಲ್ಲಿ ಆಡಿಸಿದ್ದರು ಅಂತ ಇದರಿಂದ ಅರ್ಥವಾಗುತ್ತೆ. ಆ ಪಂದ್ಯ 52 ವರ್ಷ ಗುಟ್ಟಾಗೇ ಉಳಿಯಿತು. 1996ರಲ್ಲಿ ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ ಬರೆದ ಮೇಲೆ ಲೋಕಕ್ಕೆ ಗೊತ್ತಾಯಿತು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ, ಪೂರ್ತಿ ಆಗೋದಿಲ್ಲ. ಮೈ ಗಟ್ಟಿಯಿದ್ದು ಗೆದ್ದರೆ ಸಾಕು, ಬಾಗಿಲು ತಾನಾಗಿ ತೆರೆಯುತ್ತೆ ಅಂತ ಮೆಕ್ಲೆಂಡನ್ ನಂಬಿ ಕೂರಲಿಲ್ಲ. ಬೀಗ ಹಾಕಿದ ಜಿಮ್‌ನಲ್ಲಿ ಗೆದ್ದದ್ದು ಯಾರಿಗೂ ಕಾಣೋದಿಲ್ಲವಲ್ಲ! ಕಾಣುವಂಥ ಅಂಗಳ ಬೇಕಿತ್ತು. 1946ರಲ್ಲಿ ಮಾರ್ಗನ್ ಸ್ಟೇಟ್, ವರ್ಜೀನಿಯಾ ಸ್ಟೇಟ್ ಮತ್ತು ಹೊವಾರ್ಡ್ ಕಡೆಯ ಮೂವರ ಜೊತೆ ಸೇರಿ ಕಪ್ಪು ಕಾಲೇಜುಗಳ ಒಕ್ಕೂಟವಾದ ಸಿಐಎಎಯ ಟೂರ್ನಮೆಂಟ್ ಶುರುಮಾಡಿದರು. ನಡೆದದ್ದು ವಾಷಿಂಗ್ಟನ್‌ನ ಟರ್ನರ್ಸ್ ಅರೀನಾದಲ್ಲಿ. ವಾಷಿಂಗ್ಟನ್ ಆಗಿದ್ದಕ್ಕೂ ಒಂದು ಅರ್ಥ ಇದೆ. 1904ರ ಸುಮಾರಿಗೆ ಎಡ್ವಿನ್ ಹೆಂಡರ್ಸನ್ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು ಹಾರ್ವರ್ಡ್‌ನ ಬೇಸಿಗೆ ತರಗತಿಯಲ್ಲಿ ಈ ಆಟ ಕಲಿತು ಬಂದು ಕಪ್ಪು ಮಕ್ಕಳ ಶಾಲೆಗಳಲ್ಲಿ ಬಿತ್ತಿದ್ದು ಇದೇ ಊರಿನಲ್ಲಿ. ಆ ಮೊದಲ ಟೂರ್ನಮೆಂಟಿನ ಫೈನಲ್ ಮೂರು ಹೆಚ್ಚುವರಿ ಅವಧಿಗೆ ಎಳೆಯಿತು. ಮೂರು! ಅಷ್ಟು ಹೊತ್ತಾದ ಮೇಲೂ ಓಡೋಕೆ ಆದದ್ದು ಮೆಕ್ಲೆಂಡನ್ ಅವರ ಹುಡುಗರಿಗೆ. ವರ್ಜೀನಿಯಾ ಯೂನಿಯನ್ ಮೇಲೆ 64-56ರಲ್ಲಿ ಗೆದ್ದರು.

1950ರಲ್ಲಿ ತಮ್ಮ ಶಿಷ್ಯ ಹೆರಾಲ್ಡ್ ಹಂಟರ್ ಜೊತೆಗೆ ವೆಸ್ಟ್ ವರ್ಜೀನಿಯಾ ಸ್ಟೇಟ್‌ನ ಅರ್ಲ್ ಲಾಯ್ಡ್ ಅವರನ್ನೂ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡದ ಆಯ್ಕೆಗೆ ಕರೆದುಕೊಂಡು ಹೋದರು. ಹಂಟರ್ ಎನ್‌ಬಿಎ ಕರಾರಿಗೆ ಸಹಿ ಹಾಕಿದ ಮೊದಲ ಕಪ್ಪು ಆಟಗಾರರಾದರು, ಆದರೆ ಕೊನೆಯ ಆಯ್ಕೆಯಲ್ಲಿ ಉಳಿಯಲಿಲ್ಲ. ಅಕ್ಟೋಬರ್ 31ರಂದು ಎನ್‌ಬಿಎ ಪಂದ್ಯದಲ್ಲಿ ಅಂಗಳಕ್ಕಿಳಿದ ಮೊದಲ ಕಪ್ಪು ಆಟಗಾರ ಅನ್ನೋ ಹೆಸರು ಲಾಯ್ಡ್ ಅವರದಾಯಿತು. ಎದುರಾಳಿ ಕಾಲೇಜಿನ ಹುಡುಗನನ್ನೂ ತಮ್ಮವನ ಹಾಗೇ ಕರೆದೊಯ್ದ ದೊಡ್ಡತನ ನೋಡಿ.

ಉಳಿದದ್ದನ್ನು ಬೇಗ ಹೇಳಿಬಿಡ್ತೀನಿ. 1952ರಲ್ಲಿ ಡರ್ಹಮ್ ಬಿಟ್ಟು ವರ್ಜೀನಿಯಾದ ಹ್ಯಾಂಪ್ಟನ್‌ಗೆ, 1954ರಲ್ಲಿ ಟೆನೆಸ್ಸಿ ಎ ಆಂಡ್ ಐ ಕಾಲೇಜಿಗೆ ಹೋದರು. ಕಪ್ಪು ಕಾಲೇಜುಗಳಿಗೂ ರಾಷ್ಟ್ರೀಯ ಟೂರ್ನಮೆಂಟ್ ತೆರೆಯಬೇಕು ಅಂತ ಅವರೂ ಜೊತೆಗಾರರೂ ಪಟ್ಟುಹಿಡಿದಿದ್ದರು, 1953ರಲ್ಲಿ ಎನ್‌ಎಐಎ ಒಪ್ಪಿತು. ಪಂದ್ಯಕ್ಕೆ ಕರೆದಾಗ ಬೇರೆ ತಂಡಗಳು ಇಳಿಯೋ ಹೋಟೆಲಿನಲ್ಲೇ ನಮ್ಮ ಹುಡುಗರಿಗೂ ಕೋಣೆ ಕೊಟ್ಟರೆ ಮಾತ್ರ ಬರ್ತೀವಿ ಅಂತ ಮೆಕ್ಲೆಂಡನ್ ಕಂಡೀಷನ್ ಹಾಕಿದರು. ಕೊಟ್ಟರು. 1957, 58, 59, ಮೂರು ವರ್ಷ ಸತತವಾಗಿ ರಾಷ್ಟ್ರೀಯ ಪ್ರಶಸ್ತಿ ಇವರದ್ದೇ. ಆಮೇಲೆ ಕ್ಲೀವ್‌ಲ್ಯಾಂಡ್ ಪೈಪರ್ಸ್ ಎಂಬ ವೃತ್ತಿಪರ ತಂಡ. ಅಲ್ಲಿ ಆಟಗಾರರ ಸಂಬಳದ ವಿಷಯಕ್ಕೆ ಮಾಲೀಕರ ಜೊತೆ ಜಟಾಪಟಿಯಾಗಿ ಸೀಸನ್ ಮಧ್ಯದಲ್ಲೇ ರಾಜೀನಾಮೆ ಕೊಟ್ಟರು. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ಸೇರಿ, ಬಿಳಿಯರೇ ಹೆಚ್ಚಾಗಿರುವ ವಿಶ್ವವಿದ್ಯಾಲಯದ ಮೊದಲ ಕಪ್ಪು ಮುಖ್ಯ ಕೋಚ್ ಎನಿಸಿದರು. 1969ರಲ್ಲಿ ಡೆನ್ವರ್ ರಾಕೆಟ್ಸ್ ತಂಡ 28 ಪಂದ್ಯಕ್ಕೇ ಅವರನ್ನು ತೆಗೆದುಹಾಕಿತು. ಗೆಲುವಿನ ಜೊತೆ ಇಂಥವೂ ಇದ್ದವು. 1999ರ ಅಕ್ಟೋಬರ್ 8ರಂದು ತೀರಿಕೊಂಡರು. ಹಾಲ್ ಆಫ್ ಫೇಮ್ ಅವರನ್ನು 1979ರಲ್ಲಿ ಆಟಕ್ಕೆ ಕೊಡುಗೆ ಕೊಟ್ಟವರು ಅಂತ ಸೇರಿಸಿಕೊಂಡಿತ್ತು. ಕೋಚ್ ಅಂತಲೇ ಸೇರಿಸಿಕೊಂಡದ್ದು 2016ರಲ್ಲಿ, ಅವರು ಹೋಗಿ 17 ವರ್ಷ ಆದ ಮೇಲೆ.

ಇವತ್ತು ಕೆರೊಲಿನಾ, ಅಟ್ಲಾಂಟಾ, ವಾಷಿಂಗ್ಟನ್ ಕಡೆಯ ದೊಡ್ಡ ಕಾಲೇಜು ತಂಡಗಳಲ್ಲಿ ಬಲದ ತಾಲೀಮಿಗೇ ಬೇರೆ ಕೋಚ್ ಇರ್ತಾರೆ. ಬೇಸಿಗೆಯಲ್ಲಿ ಸ್ಕ್ವಾಟ್, ಡೆಡ್‌ಲಿಫ್ಟ್. ಜಿಗಿದು ಮಂಡಿಗೆ ಪೆಟ್ಟಾಗದ ಹಾಗೆ ಇಳಿಯೋ ಅಭ್ಯಾಸ. ಮೈಲಿಗಟ್ಟಲೆ ಓಟದ ಬದಲು ಚಿಕ್ಕ ಚಿಕ್ಕ ಚುರುಕು ಓಟ. ಪದ್ಧತಿ ಬದಲಾಗಿದೆ. ಪಂದ್ಯದ ದಿನ ಬೇಕಾದ ಬಲವನ್ನು ತಿಂಗಳುಗಳ ಮುಂಚೆಯೇ ಸಂಪಾದಿಸಬೇಕು ಅನ್ನೋದು ಬದಲಾಗಿಲ್ಲ.

ಡರ್ಹಮ್‌ನ ಆ ಕಾಲೇಜಿನಲ್ಲಿ ಈಗಿರುವ ಜಿಮ್‌ಗೆ ಮೆಕ್ಲೆಂಡನ್ ಅವರ ಹೆಸರೂ ಇದೆ. ಹೋದ ತಿಂಗಳು ಅದರ ಮುಂದೆ ಹಾದು ಹೋದಾಗ ಬಾಗಿಲು ತೆರೆದೇ ಇತ್ತು, ಒಳಗೆ ಯಾರೋ ಓಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ನಮ್ಮ ಸಂಘದ ಪಂದ್ಯ ಇರೋದು ಏಪ್ರಿಲ್‌ನಲ್ಲಿ. ಹೋದ ಸಲ ದ್ವಿತೀಯಾರ್ಧದಲ್ಲಿ ನಮ್ಮ ಗತಿ ಏನಾಯಿತು ಅಂತ ಎಲ್ಲರೂ ನೋಡಿದ್ದೀರಿ. ಈ ಸಲ ಜನವರಿಯಿಂದಲೇ ಶನಿವಾರ ಬೆಳಗ್ಗೆ ಏಳಕ್ಕೆ ಕೆರೆಯ ಸುತ್ತ ಓಡೋಣ ಅಂತ ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ಚೆಂಡು ತರೋದು ಬೇಡ, ಶೂ ಹಾಕಿಕೊಂಡು ಬನ್ನಿ ಸಾಕು.